ವಿಕೆಟ್ ಹಿಂದಿನ ಭಾವ

ಮೊನ್ನೆ ಬಡಗಿ ನಮ್ಮ ಹೊಸ ಬಾಗಿಲಿಗೆ ಅಗಸೆ ಎಣ್ಣೆ ಉಜ್ಜುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಂತಾಮಣಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಬ್ಯಾಟಿಗೆ ಎಣ್ಣೆ ತಿಕ್ಕುತ್ತಿದ್ದ ಭಾವ ಕಣ್ಣ ಮುಂದೆ ಬಂದರು... ನನ್ನ ಅಕ್ಕನ ಗಂಡ. ದೇಶದ ತಂಡಕ್ಕೆ ವಿಕೆಟ್ ಕಾದವರು.

ಐವತ್ತರ ದಶಕದ ಕೊನೆಯಲ್ಲಿ ಅಕ್ಕನನ್ನು ನೋಡಲು ಬಂದಾಗ ಅವರು ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತರು. ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಆಡುತ್ತಿದ್ದರು. ಉಪ್ಪಿಟ್ಟಿನ ತಟ್ಟೆ ತೆಗೆದುಕೊಳ್ಳುವಾಗ ಅವರ ಸೊಟ್ಟ ಕಿರುಬೆರಳು ಅಜ್ಜಿಯ ಕಣ್ಣಿಗೆ ಬಿತ್ತು.

"ಏನಪ್ಪಾ ಅದು, ಹುಟ್ಟಿನಿಂದ್ಲೇನಾ?"

"ಇಲ್ಲಮ್ಮ, ಚೆಂಡು ತಗುಲಿ ಮುರೀತು."

ಅಜ್ಜಿ ಮುಖ ಸಿಂಡರಿಸಿದಳು. ಆಟಕ್ಕೆ ಬೆರಳು ಮುರಿದುಕೊಂಡವನು ಸಂಸಾರ ಏನು ಮಾಡಿಯಾನು? ಮಾತು ಅಲ್ಲಿಗೇ ನಿಲ್ಲುವಂತಿತ್ತು. ಆಗ, ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಅಕ್ಕ ಮೆಲ್ಲಗೆ ಕೇಳಿದಳು, "ಚೆಂಡು ಹಿಡಿದ್ರಾ?"

"ಬಿಡ್ಲಿಲ್ಲ," ಎಂದರು ಭಾವ.

ಇಬ್ಬರೂ ನಕ್ಕರು. ಅದನ್ನು ನೋಡಿದ ಅಪ್ಪ ಲಗ್ನ ನಿಶ್ಚಯಿಸಿಯೇಬಿಟ್ಟರು. ಅಜ್ಜಿ ಒಂದು ವಾರ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ.

ಮದುವೆಯಾದ ಮೇಲೆ ರಾಜ್ಯದ ತಂಡದಲ್ಲಿ ಜಾಗ ಸಿಕ್ಕಿತು. ಪತ್ರಿಕೆಯ ವರದಿಯಲ್ಲಿ ಭಾವನ ಹೆಸರು ಹುಡುಕಿ ಹುಡುಕಿ, ಸಿಗದೆ ನನಗೆ ಸಿಟ್ಟು ಬರುತ್ತಿತ್ತು. ಅವರು ನಗುತ್ತಿದ್ದರು. "ಕ್ಯಾಚ್ ಬಿಟ್ರೆ ತಾನೇ ಕೀಪರ್ ಹೆಸರು ಬರೋದು? ಬರದಿದ್ರೇ ಒಳ್ಳೇದು ಕಣಮ್ಮ."

ಅರವತ್ತರ ದಶಕದಲ್ಲಿ ಒಮ್ಮೆ ದೇಶದ ತಂಡದ ಕೀಪರ್ ಗಾಯಗೊಂಡು, ಭಾವನಿಗೆ ಕರೆ ಬಂತು. ಎದುರಿಗೆ ಪರದೇಶದ ತಂಡ. ಕೊನೆಯ ದಿನ ನಮ್ಮವರು ಇನ್ನೇನು ಸೋತರು ಎನ್ನುವಾಗ ಭಾವ ಬ್ಯಾಟ್ ಹಿಡಿದು ಇಳಿದರು. ಮನೆಯಲ್ಲಿ ನಾವೆಲ್ಲ ರೇಡಿಯೋ ಸುತ್ತ. ವಿವರಣೆ ಇಂಗ್ಲಿಷಿನಲ್ಲಿ, ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪನೊಬ್ಬರಿಗೇ ಅರ್ಥವಾಗುತ್ತಿದ್ದದ್ದು. ಅಜ್ಜಿ ತನ್ನ ತೆಲುಗಿನಲ್ಲಿ ಗಳಿಗೆಗೊಮ್ಮೆ ಕೇಳುತ್ತಿದ್ದಳು, "ಅಲ್ಲುಡು ಉನ್ನಾಡಾ?" ಅಳಿಯ ಇದ್ದಾನಾ ಅಂತ.

"ಇದ್ದಾರಮ್ಮ, ಔಟಾಗಿಲ್ಲ."

ಭಾವನ ಜೊತೆ ಆಡುತ್ತಿದ್ದವರು ಒಬ್ಬೊಬ್ಬರಾಗಿ ಔಟಾಗಿ ಹೋದರು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಹಿಟ್ಟಿನ ಕೈ ಹಾಗೇ ಒಣಗುತ್ತಿತ್ತು. ಸಂಜೆ ಆಟ ಮುಗಿದಾಗಲೂ ಭಾವ ಔಟಾಗಿರಲಿಲ್ಲ. ಅಪ್ಪ ಎದ್ದು ಚಪ್ಪಾಳೆ ತಟ್ಟಿದರು.

"ಗೆದ್ರಾ?" ಎಂದಳು ಅಜ್ಜಿ.

"ಇಲ್ಲಮ್ಮ, ಸೋಲ್ಲಿಲ್ಲ."

"ಇಷ್ಟೊತ್ತು ನಿಂತೂ ಗೆಲ್ಲಲಿಲ್ವಾ?" ಎಂದು ಗೊಣಗುತ್ತಲೇ ಅಜ್ಜಿ ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದಳು. ದೃಷ್ಟಿ ತೆಗೆಯೋಣವೆಂದರೆ ಅಳಿಯ ಊರಲ್ಲಿಲ್ಲ. ಕೊನೆಗೆ ರೇಡಿಯೋಗೇ ನಿವಾಳಿಸಿದಳು! ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಆಮೇಲೆ ಕೆಲವು ವರ್ಷ ಆ ಜಾಗ ಭಾವನದೇ. ಮಂಡಿ ಮಾತು ಕೇಳದಾದಾಗ ತಾವಾಗಿಯೇ ಬಿಟ್ಟು, ಮತ್ತೆ ಕಚೇರಿಯ ಕುರ್ಚಿಗೆ ಮರಳಿದರು...

ಭಾವ ಹೋಗಿ ವರ್ಷಗಳಾದವು. ಈಗ ಅಕ್ಕ ನನ್ನ ಜೊತೆಗಿದ್ದಾಳೆ. ಟಿವಿಯಲ್ಲಿ ಪಂದ್ಯ ಶುರುವಾದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಕರೆದರೆ, "ಅವ್ರಿಲ್ದೆ ನಂಗೇನು ಅರ್ಥ ಆಗುತ್ತೆ ಕಣೇ," ಎನ್ನುತ್ತಾಳೆ. ಆಟದ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ. ನಾನು ಟಿವಿ ಆರಿಸಿ, ಅವಳ ಪಕ್ಕ ಅವರೆಕಾಯಿ ಸುಲಿಯುತ್ತಾ ಕೂರುತ್ತೇನೆ.