ಕಂಬದ ಬುಡದ ಬೂದಿ

2022ರಲ್ಲಿ ನಾನು ಉಕ್ಕಿನ ಕಂಬ ತಯಾರಿಸುವ ಖಾಸಗಿ ಕಂಪನಿಯೊಂದರಲ್ಲಿ ಲೇಪನ ಪರೀಕ್ಷಿಸುವ ಕೋಟಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ಹೂಗ್ಯಂ ಕಡೆಯ ಕಾಡಂಚಿನ ಹೊಲಗಳಿಗೆ ಆನೆ ನುಗ್ಗದಂತೆ ಹಾಕಿದ್ದ ಸೋಲಾರ್ ಬೇಲಿಯ ಕಂಬಗಳು ಮೂರೇ ವರ್ಷಕ್ಕೆ ತುಕ್ಕು ಹಿಡಿದಿವೆ ಎಂದು ದೂರು ಬಂತು. ತನಿಖೆಗೆಂದು ಕೌದಳ್ಳಿಯಲ್ಲಿ ರೂಮು ಮಾಡಿದೆ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಸಂಜೆ ಬೀಗ ತೆಗೆದು ಒಳಹೊಕ್ಕರೆ ಬೆಳಗಿನವರೆಗೂ ಒಂದು ಮಾತಿಲ್ಲ. ಹಗಲಲ್ಲೂ ಅಷ್ಟೆ, ಡೂಪ್ಲಿಕೇಟ್ ಮಾಲು ಕೊಟ್ಟ ಕಂಪನಿಯವನೆಂದು ಊರವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಇಷ್ಟು ಒಂಟಿಯಾಗಿ ನಾನು ಹಿಂದೆಂದೂ ಇರಲಿಲ್ಲ.

ಆ ಕಂಬಗಳ ಮೇಲಿದ್ದದ್ದು ಬರೀ ಸತುವಲ್ಲ, ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಬೆರೆತ ಸತುವಿನ ಮಿಶ್ರಲೋಹದ ಲೇಪನ. ಮೊದಲು ತಾನು ಸವೆದು ಒಳಗಿನ ಉಕ್ಕನ್ನು ಉಳಿಸುವುದು ಅದರ ಗುಣ. ಗೇಜ್ ಇಟ್ಟು ಲೇಪನದ ದಪ್ಪ ಅಳೆದೆ. ಕಂಬದ ನಡುವೆ 25 ಮೈಕ್ರಾನ್, ಬುಡದಲ್ಲಿ ಸೊನ್ನೆ. ಅದೂ ಊರಿಗೆ ಹತ್ತಿರದ ನಲವತ್ತು ಕಂಬಗಳಲ್ಲಿ ಮಾತ್ರ. ದೂರದವು ಹೊಸದರಂತೆ ಹೊಳೆಯುತ್ತಿದ್ದವು. ನನಗೆ ತಲೆಬುಡ ತಿಳಿಯಲಿಲ್ಲ.

ಬೇಲಿ ಕಾಯಲು ಊರಿನ ಬೇಲಿ ಸಮಿತಿ ಮಾದಮ್ಮನನ್ನು ನೇಮಿಸಿತ್ತು. ಆ ಸಂಬಳದಲ್ಲೇ ಅವರ ಮನೆ ನಡೆಯುತ್ತಿತ್ತು. ನಾನು ಬಂದ ನಾಲ್ಕನೇ ದಿನ ಬೆಳಿಗ್ಗೆ ಅವರು ಮಂಕರಿ ಹೊತ್ತು ಬಂದು, ಕಂಬದ ಬುಡಕ್ಕೆ ಒಲೆಯ ಬೂದಿ ಸುರಿದು, ಗಾಳಿಗೆ ಹಾರದಿರಲೆಂದು ನೀರು ಚಿಮುಕಿಸಿದರು.

“ಇದ್ಯಾಕಮ್ಮ?” ಎಂದೆ.

“ಗೆದ್ಲು ಇಡೀಬಾರ್ದಲ್ಲಾ ಸಾ. ನಮ್ಮಪ್ಪ ಬೇಲಿ ಗೂಟಕ್ಕೆ ಇಂಗೇ ಆಕ್ತಿದ್ದ. ವಾರವಾರವೂ ಮನ್ಮನೆ ಬೂದಿ ತಕಂಡು ಬತ್ತೀನಿ. ದೂರದ್ ಕಂಬಕ್ಕೆ ಒರಕ್ಕಾಗಲ್ಲ.”

“ಕಬ್ಬಿಣಕ್ಕೂ ಗೆದ್ದಲೇ?”

“ಗೆದ್ಲು ಯಾವ್ದ ಬುಟ್ಟದೆ ಸಾ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನೆನೆದ ಬೂದಿಯ ನೀರು ಕಟುಕ್ಷಾರ. ಸತು, ಅಲ್ಯೂಮಿನಿಯಂ ಎರಡನ್ನೂ ಕರಗಿಸುತ್ತದೆ. ಒದ್ದೆ ಮಣ್ಣಿಗೆ ಪಿಎಚ್ ಪೇಪರ್ ಒತ್ತಿದೆ, ಕಡುನೀಲಿಗೆ ತಿರುಗಿತು. ಮರದ ಗೂಟವನ್ನು ಉಳಿಸುವ ಬೂದಿ ನಮ್ಮ ಕಂಬವನ್ನು ತಿಂದಿತ್ತು. ವಿವರಿಸಿದಾಗ ಮಾದಮ್ಮ ಬುಡದ ಬೂದಿಯನ್ನು ಎರಡೂ ಕೈಯಿಂದ ಆಚೆಗೆ ಬಾಚತೊಡಗಿದರು.

“ನನ್ ಕೈಯಾರೆ ನಾನೇ ಕೆಡಿಸ್ಬುಟ್ನಾ ಸಾ?”

ಕಂಪನಿಗೆ ವಿಷಯ ತಿಳಿಸಿದಾಗ ಮ್ಯಾನೇಜರ್ ಫೋನಿನಲ್ಲಿ ಹೇಳಿದರು: “ಬಳಸಿದವರ ತಪ್ಪು ಅಂತ ಎರಡು ಸಾಲು ಬರೀರಿ, ಮುಗೀತು.” ಹಾಗೆ ಬರೆದರೆ ಊರಿಗೆ ಹೊಸ ಕಂಬವಿಲ್ಲ, ಮಾದಮ್ಮನಿಗೆ ಕೆಲಸವಿಲ್ಲ. ಅಲ್ಲದೆ ಮೂರು ವರ್ಷದ ಹಿಂದೆ ಈ ಬೇಲಿಯನ್ನು ಊರಿಗೆ ಒಪ್ಪಿಸಿದವನು ನಾನೇ. ಊರವರ ಮುಂದೆ ನಿಂತು ಅರ್ಧ ಗಂಟೆ ಮೈಕ್ರಾನ್, ಅಲಾಯ್ ಎಂದು ಕೊರೆದಿದ್ದೆ. ಬುಡಕ್ಕೆ ಏನು ಹಾಕಬಾರದೆಂದು ಒಂದು ಮಾತು ಹೇಳಿರಲಿಲ್ಲ. ಸಹಿ ಹಾಕಿಸಿಕೊಂಡು ಬಸ್ಸು ಹಿಡಿದಿದ್ದೆ.

ಕಂಬದ್ದೂ ತಪ್ಪಿಲ್ಲ, ಕಾಯ್ದವರದ್ದೂ ತಪ್ಪಿಲ್ಲ, ತಿಳಿಸದೆ ಒಪ್ಪಿಸಿದ ನನ್ನದೇ ತಪ್ಪು ಎಂದು ವರದಿ ಬರೆದೆ. ಕಂಪನಿ ಗೊಣಗುತ್ತಲೇ ನಲವತ್ತು ಕಂಬ ಬದಲಿಸಿತು. ನನ್ನ ಕಾಂಟ್ರ್ಯಾಕ್ಟ್ ಮಾತ್ರ ಮುಂದುವರಿಯಲಿಲ್ಲ. ಹೊರಡುವ ದಿನ ಮಾದಮ್ಮ ಬಸ್‌ಸ್ಟಾಪಿಗೆ ಬಂದರು.

“ನನ್ ಕೆಲ್ಸ ಉಳ್ಸಿ ನಿಮ್ದ ಕಳ್ಕಂಡ್ರಲ್ಲಾ ಸಾ. ಮನೇಲಿ ಏನಂತ ಏಳೀರಿ?”

ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅವರಿಗೆ ಕೈಮುಗಿದು ಬಸ್ಸು ಹತ್ತಿದೆ. ಕೊಳ್ಳೇಗಾಲ ಬರುವವರೆಗೂ ಕಿಟಕಿಗೆ ಮುಖ ಮಾಡಿ ಕೂತಿದ್ದೆ.

ಲೇಪನ ಅಳೆದುಕೊಟ್ಟರೆ ನನ್ನ ಕೆಲಸ ಮುಗಿಯಿತೆಂದು ಮೂವತ್ತು ವರ್ಷ ನಂಬಿದ್ದೆ. ದಿನವೂ ಅದನ್ನು ಕಾಯುವವರ ಪಕ್ಕದಲ್ಲಿ ಕೂತು ಮಾತಾಡುವುದೂ ಕೆಲಸವೇ. ಅದನ್ನು ಕಲಿಯುವ ಹೊತ್ತಿಗೆ ನನಗೆ ಕೆಲಸವೇ ಉಳಿದಿರಲಿಲ್ಲ.