ಒಂದು ಚೂರು ಆಫ್ರಿಕಾ

ಕಾರವಾರದಲ್ಲಿ ರ್‍ಯಾಪ್ ವಿಡಿಯೊ ಮಾಡುವ ರೂಪೇಶನಿಗೆ ವ್ಯೂಸ್ ನೋಡುವ ಕಣ್ಣಿದೆ, ಹಾಡು ಕೇಳುವ ಕಿವಿಯಿಲ್ಲ. ಯಾರೇ ಹಾಡಲಿ, ಕುತ್ತಿಗೆಗೆ ಅದೇ ಹಿತ್ತಾಳೆ ಸರಪಳಿ, ಕೈಗೆ ಅದೇ ಆಟಿಕೆ ಪಿಸ್ತೂಲು. ನನ್ನ ಗೆಳತಿ, ಸುಂಕಸಾಳದ ಸುಮಿತ್ರಾ ಸಿದ್ದಿ ಬಂದಳೆಂದರಂತೂ ಅವನಿಗೆ ಹಬ್ಬ: “ಒಂದು ಚೂರು ಆಫ್ರಿಕಾ ಹಾಕು ಮಾರಾಯ್ತಿ!” ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದು ನೂರಾರು ವರ್ಷಗಳಾದವು. ಅವಳು ಬರೆದದ್ದು, ಬಸ್ಸಿನಲ್ಲಿ ತನ್ನ ಗುಂಗುರು ಕೂದಲು ಎಳೆದು ನಗುವವರ ಮೇಲಿನ ಸಿಟ್ಟಿನ ಹಾಡು. ಈ ಮಹಾನುಭಾವ ಅದರಲ್ಲಿದ್ದ ಊರಿನ ಹೆಸರನ್ನೇ ಕತ್ತರಿಸಿ, ಅವಳಿಗೆ ಎಲೆಯ ಲಂಗ ಉಡಿಸಿ, ಆಫ್ರಿಕಾದಲ್ಲೇ ಇಲ್ಲದ ಹುಲಿಯ ಹಾಗೆ ಗುರುಗುಟ್ಟಲು ಹೇಳಿದ. “ಸುಂಕಸಾಳ ಅಂದ್ರೆ ಯಾರ್ ನೋಡ್ತಾರೆ? ನಿಮ್ದು ಆಫ್ರಿಕಾ ಅಲ್ವಾ!” “ಅಲ್ಲಿಗೆ ಯಾವ ಬಸ್ಸು ಹತ್ತೋದು ರೂಪೇಶಣ್ಣ? ನಾ ಹುಬ್ಬಳ್ಳಿನೇ ಸರಿಯಾಗಿ ನೋಡಿಲ್ಲ” ಎಂದಳು ಸುಮಿತ್ರಾ. ಅದಕ್ಕೂ ಹಲ್ಲು ಕಿರಿದ. ವಿಡಿಯೊವನ್ನು ಹತ್ತು ಲಕ್ಷ ಜನ ನೋಡಿದರು. ಅವಳ ಸಿಟ್ಟು ಒಬ್ಬರಿಗೂ ಕೇಳಿಸಲಿಲ್ಲ. ಕೊನೆಯ ದೃಶ್ಯದಲ್ಲಿ ಅವಳ ಪಕ್ಕ ರೂಪೇಶ ತಾನೂ ನಿಂತಿದ್ದಾನೆ. ಕಂಪ್ಯೂಟರಿನಲ್ಲಿ ಅವಳ ಮುಖವನ್ನು ಇನ್ನಷ್ಟು ಕಪ್ಪಾಗಿಸಿ, ತನ್ನದನ್ನು ಬೆಳ್ಳಗೆ ಮಾಡಿಕೊಂಡಿದ್ದಾನೆ. ಚಿತ್ರೀಕರಣದ ದಿನ ಕಡಲದಂಡೆಯ ಬಿಸಿಲಲ್ಲಿ ಅವರೆದುರೇ ನಿಂತು ನೋಡಿದವಳು ನಾನು. ಇಬ್ಬರಲ್ಲಿ ಹೆಚ್ಚು ಕಪ್ಪು ರೂಪೇಶನೇ.