ಒಂದೇ ಬಕೆಟ್ಟಿನ ಎಂಟು ಬಾಟಲಿ

ಕೆಲಸದ ಜಾಗದಲ್ಲಿ ಅವನನ್ನು ಎಲ್ಲರೂ ಬಾಟಲಿ ಎಂದೇ ಕರೆಯುತ್ತಿದ್ದರು. ಕುಡಿತಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಪಾಪ, ಅವನು ಚಹಾವನ್ನೂ ಅರ್ಧ ಲೋಟವೇ ಕುಡಿಯುವವನು. ನಗರದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷ ಅವನು ಮಾಡಿದ್ದು ಬಾಟಲಿ ತುಂಬುವ ಕೆಲಸ. ಊರಿನ ಬಚ್ಚಲು, ಕಕ್ಕಸು, ಮೋರಿಗಳ ನೀರೆಲ್ಲ ಒಂದು ಕಡೆಯಿಂದ ಒಳಗೆ ಬಂದು, ತೊಟ್ಟಿಯಿಂದ ತೊಟ್ಟಿಗೆ ಹಾದು, ಇನ್ನೊಂದು ಕಡೆಯಿಂದ ನದಿಗೆ ಬೀಳುತ್ತಿತ್ತು. ಬೀಳುವ ಜಾಗದಲ್ಲಿ ಬಾಟಲಿ ಹಿಡಿದು ನಿಲ್ಲುವವನು ಇವನು. ಕೈ ಕೆಸರಾದರೆ ಬಾಯಿ ಮೊಸರು ಎಂದು ಉಳಿದವರು ಬಾಯಿಮಾತಿಗೆ ಹೇಳುತ್ತಾರೆ. ಈ ಘಟಕದವರು ಅದನ್ನು ದಿನವೂ ಮಾಡಿ ತೋರಿಸುವವರು.

ನಿಯಮ ಸರಳವಾಗಿತ್ತು. ವಾರಕ್ಕೊಂದು ದಿನ, ಬೆಳಿಗ್ಗೆ ಆರರಿಂದ ಶುರುಮಾಡಿ ಮೂರು ಗಂಟೆಗೊಂದರಂತೆ ಎಂಟು ಬಾಟಲಿ. ಪ್ರತಿಯೊಂದಕ್ಕೂ ತುಂಬಿದ ಹೊತ್ತು ಬರೆದ ಚೀಟಿ. ಎಂಟನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕು. ಕೊಳಚೆ ನೀರು ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಒಂದೇ ಬಾಟಲಿ ನೋಡಿ ಇಡೀ ದಿನದ ನೀರನ್ನು ಹೊಗಳಬಾರದು ಎಂದೇ ಎಂಟು.

ಮೊದಲ ಹದಿನೈದು ವರ್ಷ ಅವನು ಒಂದು ಬಾಟಲಿಯನ್ನೂ ತಪ್ಪಿಸಲಿಲ್ಲ. ಆಮೇಲೆ ಒಂದು ದಿನ ನದಿಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿಬಿದ್ದು ಮಂಡಿ ಊದಿಕೊಂಡಿತು. ನಲವತ್ತೆರಡು ಮೆಟ್ಟಿಲು, ದಿನಕ್ಕೆ ಎಂಟು ಸಲ. ಮುಂದಿನ ಬಾಟಲಿ ದಿನ ಬೆಳಿಗ್ಗೆ ಒಂಬತ್ತಕ್ಕೆ ಕುಂಟುತ್ತ ಇಳಿದವನು ಒಂದು ಬಕೆಟ್ ನೀರು ಎತ್ತಿಕೊಂಡು ಬಂದ. ಕೋಣೆಯ ಮೇಜಿನ ಮೇಲಿಟ್ಟು ಎಂಟೂ ಬಾಟಲಿಗಳನ್ನು ಅದರಿಂದಲೇ ತುಂಬಿದ. ಎಂಟು ಚೀಟಿಗೆ ಎಂಟು ಹೊತ್ತು ಬರೆದ. ಇದೊಂದು ಸಲ ಎಂದುಕೊಂಡ. ವರದಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬಂತು. ಇಂಜಿನಿಯರ್ ಸಾಹೇಬರು ಬೆನ್ನು ತಟ್ಟಿ, "ಹೀಗೇ ನಡೀಲಪ್ಪ" ಎಂದರು. ಒಂದೂವರೆ ತಿಂಗಳಲ್ಲಿ ಮಂಡಿ ವಾಸಿಯಾಯಿತು. ಚಾಳಿ ವಾಸಿಯಾಗಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು.

ಮೋಸಕ್ಕೂ ಕಸುಬುಗಾರಿಕೆ ಬೇಕಲ್ಲ, ಅದು ಅವನಿಗೆ ಚೆನ್ನಾಗಿ ಒಲಿದಿತ್ತು. ಮಧ್ಯಾಹ್ನ ಹನ್ನೆರಡರ ಚೀಟಿಯನ್ನು ದುಂಡಗೆ ಬರೆಯುತ್ತಿದ್ದ. ರಾತ್ರಿ ಮೂರರ ಚೀಟಿಯನ್ನು ನಿದ್ದೆಗಣ್ಣಿನಲ್ಲಿ ಬರೆದವರ ಹಾಗೆ ಸೊಟ್ಟಸೊಟ್ಟಗೆ. ಬರೆದು, ದೂರ ಹಿಡಿದು ನೋಡಿ, ನಿದ್ದೆ ಸಾಲದು ಅನಿಸಿದರೆ ಹರಿದುಹಾಕಿ ಇನ್ನೊಂದು ಬರೆಯುತ್ತಿದ್ದ. ಮಾಡಿದ ಉಳಿದ ತಪ್ಪುಗಳ ನೆನಪನ್ನೆಲ್ಲ ಮುಂದೆ ಹೇಗೋ ತಡೆದುಕೊಂಡ. ಆ ಸೊಟ್ಟ ಅಕ್ಷರ ನೆನಪಾದರೆ ಮಾತ್ರ ಒಬ್ಬನೇ ಇದ್ದಾಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಗೊತ್ತಿರಲಿಲ್ಲ ಎಂದು ಹೇಳಲು ಬಾಯಿಲ್ಲ. ಊರು ಬೆಳೆದಿತ್ತು, ತೊಟ್ಟಿಗಳು ಬೆಳೆದಿರಲಿಲ್ಲ. ಸಂಜೆ ಐದರ ನಂತರ ಬಣ್ಣದ ಕಾರ್ಖಾನೆಯ ನೀರೂ ಮನೆಗಳ ನೀರೂ ಒಟ್ಟಿಗೆ ನುಗ್ಗಿದಾಗ, ತೊಟ್ಟಿಯಲ್ಲಿ ಹಿಡಿಸದ್ದನ್ನು ಪಕ್ಕದ ಗೇಟು ಎತ್ತಿ ಹಾಗೇ ನದಿಗೆ ಬಿಡುತ್ತಿದ್ದರು. ಬೆಳಗಿನ ಬಕೆಟ್ಟಿನಲ್ಲಿ ಅದರ ಸುಳಿವೂ ಇರುತ್ತಿರಲಿಲ್ಲ. ಗೇಟು ಎತ್ತುವ ಸದ್ದು ಕೇಳಿದಾಗ ಅವನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಡುತ್ತಿದ್ದ.

ಘಟಕದಿಂದ ಕೆಳಗೆ, ನದಿಯ ತಿರುವಿನಲ್ಲಿ ಅವನ ಅಕ್ಕನ ಮನೆ. ಅಮ್ಮ ಹೋದಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೈದು. ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಡಿಯಾರ ಬರೆದು, ಮುಳ್ಳಿನ ಬದಲು ಎರಡು ಕಡ್ಡಿ ಇಟ್ಟು ಹೊತ್ತು ನೋಡಲು ಕಲಿಸಿದ್ದು, ಎಲ್ಲ ಅವಳೇ. ಈಗ ಮನೆಯ ಹಿಂದೆ ಸೊಪ್ಪು ಬೆಳೆದು ಮಾರುತ್ತಿದ್ದಳು. ಬೆಳಗಿನ ಮಾರುಕಟ್ಟೆಗೆ ಸಂಜೆಯೇ ಸೊಪ್ಪು ತೊಳೆದು ಕಟ್ಟು ಕಟ್ಟಬೇಕು. ಹಾಗಾಗಿ ಸಂಜೆಯೆಲ್ಲ ಅವಳ ಕೈ ನದಿಯಲ್ಲೇ.

ಒಂದು ರಜೆಯ ಮಧ್ಯಾಹ್ನ ಅವನು ಹೋದಾಗ ಅಕ್ಕ ಅಡುಗೆಮನೆಯಲ್ಲಿ ಕೂತು ಅಂಗೈ ಕೆರೆದುಕೊಳ್ಳುತ್ತಿದ್ದಳು. ಬೆರಳ ಸಂದಿಯೆಲ್ಲ ಕೆಂಪಾಗಿ ಬಿರಿದಿತ್ತು.

"ಏನಕ್ಕ ಇದು?"

"ಏನೋಪ್ಪ, ಆರು ತಿಂಗಳಾಯ್ತು. ಪಕ್ಕದ ಮನೆಯವಳಿಗೂ ಹೀಗೇ ಆಗಿದೆ. ಅವಳು ನೀರಿಂದಾನೇ ಅಂತಾಳೆ. ನಾನು ಚೆನ್ನಾಗಿ ಬೈದು ಕಳಿಸ್ದೆ. ನನ್ನ ತಮ್ಮ ಅಲ್ಲಿ ನಿದ್ದೆಗೆಟ್ಟು ಬಾಟಲಿ ಹಿಡ್ಕೊಂಡು ಕೂತಿರ್ತಾನೆ, ನೀರಲ್ಲಿ ಏನಾದ್ರೂ ಇದ್ರೆ ಅವನಿಗೆ ಗೊತ್ತಾಗಲ್ವಾ ಅಂದೆ. ಸೋಪಿಂದಿರ್ಬೇಕು, ಅಲ್ವೇನೋ?"

ಅವನು ಕೈಯಲ್ಲಿದ್ದ ಚಹಾದ ಲೋಟದೊಳಗೆ ನೋಡುತ್ತ, "ಸೋಪಿಂದೇ ಅಕ್ಕ. ಬದಲಾಯಿಸಿ ನೋಡು" ಎಂದ.

ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದು ಮಾತಾಗಿತ್ತು. ಮರುದಿನ ತಾನೇ ಹೊಸ ಸೋಪೂ ಬಿಳಿ ಮುಲಾಮಿನ ಒಂದು ಟ್ಯೂಬೂ ತಂದುಕೊಟ್ಟ. ತಮ್ಮ ಮುಲಾಮು ತಂದ ಎಂದು ಅಕ್ಕ ಬೀದಿಗೆಲ್ಲ ತೋರಿಸಿಕೊಂಡು ಬಂದಳು. ಅವಳು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂದು ಅವನಿಗೆ ಅನಿಸಿತು. ಆದರೂ ಆ ವಾರದ ಬಾಟಲಿ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಕೆಟ್ ಹಿಡಿದು ಇಳಿದ. ಮನುಷ್ಯ ಎಂಥ ಪ್ರಾಣಿ ನೋಡಿ.

ತಿರುವಿನ ಜನ ಸುಮ್ಮನಿರಲಿಲ್ಲ. ಸಂಜೆ ನೊರೆ ಬರುತ್ತದೆ, ನಾತ ಬರುತ್ತದೆ, ಕೈಕಾಲು ಬಿರಿಯುತ್ತದೆ ಎಂದು ಬರೆದು ಎಲ್ಲರೂ ಸಹಿ ಹಾಕಿ ಮಾಲಿನ್ಯ ನಿಯಂತ್ರಣದ ಕಚೇರಿಗೆ ದೂರು ಕೊಟ್ಟರು. ಒಬ್ಬಳು ಮಾತ್ರ ಸಹಿ ಹಾಕಲಿಲ್ಲ. ತಮ್ಮನ ಮೇಲೆ ಕಲ್ಲು ಹಾಕುವ ಕಾಗದಕ್ಕೆ ತನ್ನ ಸಹಿ ಯಾಕೆ ಎಂದಳು. ಅಂದಿನಿಂದ ಬೀದಿಯವರು ಅವಳ ಜೊತೆ ಮಾತು ಬಿಟ್ಟರು.

ವಿಚಾರಣೆ ನಡೆದದ್ದು ಶಾಲೆಯೊಂದರ ಹಾಲ್‌ನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮೇಜಿನ ಹಿಂದೆ ಕಚೇರಿಯಿಂದ ಬಂದ ಕನ್ನಡಕದ ಮಹಿಳಾ ಅಧಿಕಾರಿ. ಗೋಡೆಯ ಮೇಲೆ ದೊಡ್ಡ ಗಡಿಯಾರ. ಒಂದು ಕಡೆ ಬೆಂಚಿನಲ್ಲಿ ತಿರುವಿನ ಜನ, ಇನ್ನೊಂದು ಕಡೆ ಘಟಕದವರು. ಸಾಹೇಬರು ಹನ್ನೊಂದು ವರ್ಷದ ವರದಿಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಒಂದೊಂದೇ ಹಾಳೆ ತಿರುಗಿಸಿದರು.

"ಸಂಜೆ ಆರರ ನೀರೂ ಚೆನ್ನಾಗಿದೆ, ಒಂಬತ್ತರದ್ದೂ ಚೆನ್ನಾಗಿದೆ. ನೀವು ನೋಡಿದ್ರೆ ನೊರೆ ಅಂತೀರಿ. ಯಾರೋ ಒಬ್ರು ಸುಳ್ಳು ಹೇಳ್ತಿರ್ಬೇಕು" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ತಾನಾಗಿ ಜೇಬಿನ ಪೆನ್ನಿನ ಮೇಲೆ ಹೋಯಿತು. ಚೀಟಿ ಬರೆಯುವ ಪೆನ್ನು, ನೀರು ಬಿದ್ದರೂ ಅಳಿಸದ್ದು.

ಅಷ್ಟರಲ್ಲಿ ತಿರುವಿನವರ ಬೆಂಚಿನ ತುದಿಯಿಂದ ಅಕ್ಕ ಎದ್ದು ನಿಂತಳು. ಯಾರೂ ಅವಳನ್ನು ಕೇಳಿರಲಿಲ್ಲ.

"ಮೇಡಂ, ಬಾಟಲಿ ತುಂಬೋನು ನನ್ನ ತಮ್ಮ. ನಾನೇ ಸಾಕಿದ ಹುಡುಗ. ಅವನು ಆರು ಗಂಟೆ ಅಂತ ಬರೆದಿದ್ರೆ ಅದು ಆರೇ ಗಂಟೆ. ಬೇಕಾದ್ರೆ ಈ ಕೈ ಎತ್ತಿ ಹೇಳ್ತೀನಿ."

ಎತ್ತಿದಳು. ಬಿರಿದ ಬೆರಳ ಸಂದಿಯಲ್ಲಿ ಅವನು ತಂದುಕೊಟ್ಟ ಬಿಳಿ ಮುಲಾಮು ಮೆತ್ತಿಕೊಂಡಿತ್ತು.

ಅಧಿಕಾರಿ ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು. "ಸರಿ, ನಿಮ್ಮ ಬೀದಿಯವರೇ ಹೀಗೆ ಹೇಳಿದ್ಮೇಲೆ ಈ ದೂರು ಮುಗಿಸ್ಬಹುದು."

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಮಾನ ಉಳಿಯುತ್ತಿತ್ತು, ಅಕ್ಕನ ಹೆಮ್ಮೆಯೂ ಉಳಿಯುತ್ತಿತ್ತು, ಅವಳ ಕೈ ಮಾತ್ರ ಪ್ರತಿ ಸಂಜೆ ಅದೇ ನೀರಿನಲ್ಲಿರುತ್ತಿತ್ತು. ಅವನು ಎದ್ದ. ಸಾಹೇಬರು ಅಂಗಿಯ ಚುಂಗು ಹಿಡಿದು ಎಳೆದರು.

"ಮೇಡಂ, ಅದು ಆರು ಗಂಟೇದಲ್ಲ."

"ಮತ್ತೆ ಎಷ್ಟು ಗಂಟೇದು?"

"ಎಂಟೂ ಬೆಳಿಗ್ಗೆ ಒಂಬತ್ತರವು. ಒಂದೇ ಬಕೆಟ್ಟಿನವು. ಹನ್ನೊಂದು ವರ್ಷದಿಂದ."

ಹಾಲ್‌ನಲ್ಲಿ ಗದ್ದಲವೆದ್ದಿತು. ಇವನಿಗೆ ಹುಷಾರಿಲ್ಲ ಎಂದು ಸಾಹೇಬರು ಹೇಳುತ್ತಿದ್ದರು. ಯಾರೋ ಥೂ ಎಂದರು. ಅವನಿಗೆ ಅದಾವುದೂ ನಾಟಲಿಲ್ಲ. ಅಕ್ಕ ಬೈಯಲಿ ಎಂದು ಕಾದ. ಚಿಕ್ಕವನಿದ್ದಾಗ ಕಿವಿ ಹಿಂಡುತ್ತಿದ್ದ ಹಾಗೆ ಎಲ್ಲರೆದುರು ಹಿಂಡಲಿ ಎಂದುಕೊಂಡ. ಅವಳು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ ಸೆರಗಿನೊಳಗೆ ಮುಚ್ಚಿಕೊಂಡಳು. ಮಾಡಿದವನು ಇವನು, ನಾಚಿಕೆಪಟ್ಟವಳು ಅವಳು. ನೆಲ ಬಾಯಿಬಿಟ್ಟು ನುಂಗಬಾರದೆ ಎಂದು ಅವನಿಗೆ ಅನಿಸಿದ್ದು ಆಗ.

ಆಮೇಲೆ ಅಕ್ಕ ನೆಟ್ಟಗೆ ಮೇಜಿನ ಹತ್ತಿರ ಹೋದಳು.

"ಆ ದೂರಿನ ಕಾಗದ ಕೊಡಿ. ನಂದೊಂದು ಸಹಿ ಬಾಕಿ ಇದೆ."

ಅಧಿಕಾರಿ ಕಾಗದ ತಿರುಗಿಸಿ ಕೊಟ್ಟು, "ಸಹಿ ಕೆಳಗೆ ಇವತ್ತಿನ ತಾರೀಕು, ಟೈಮು ಎರಡೂ ಬರೀರಿ" ಎಂದರು.

ಅಕ್ಕ ತಮ್ಮನ ಕಡೆ ಕೈ ಚಾಚಿದಳು. "ಪೆನ್ನು ಕೊಡೋ."

ಅವನು ಕೊಟ್ಟ. ಅವಳು ಬಗ್ಗಿ ಎಲ್ಲ ಹೆಸರುಗಳ ಕೆಳಗೆ ನಿಧಾನವಾಗಿ ಸಹಿ ಹಾಕಿದಳು, ತಾರೀಕು ಬರೆದಳು. ತಲೆ ಎತ್ತದೆ ಕೇಳಿದಳು, "ಗಂಟೆ ಎಷ್ಟು?"

ಅವನು ಕೈಗಡಿಯಾರ ನೋಡಿದ. "ಹನ್ನೆರಡು ಹತ್ತು ಅಕ್ಕ."

ಅಕ್ಕ ಬರೆಯಲಿಲ್ಲ. ತಿರುಗಿ ಗೋಡೆಯ ಗಡಿಯಾರವನ್ನು ಒಂದು ಸಲ ನೋಡಿದಳು. ಆಮೇಲೆ ಬರೆದಳು.